ರಾಗಿ ವಾಡೆಯಲ್ಲಿ ಮುಳುಗಿದ ಲ್ಯಾಪ್‌ಟಾಪು

ರಮಾದೇವಿಯ ಹನ್ನೊಂದನೇ ದಿನದ ಕಾರ್ಡು ಅವಳದೇ ಲ್ಯಾಪ್‌ಟಾಪಿನಲ್ಲಿ ತಯಾರಾಯಿತು. ತಾಯಲೂರಿನ ಸುತ್ತಮುತ್ತ ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಏನೇ ಇದ್ದರೂ ಅದರ ಪತ್ರಿಕೆಗೆ ಅಕ್ಷರ ಜೋಡಿಸುತ್ತಿದ್ದವಳು ಅವಳೇ. ಈ ಒಂದನ್ನು ಮಾತ್ರ ಬೇರೆಯವರು ಜೋಡಿಸಬೇಕಾಯಿತು. ಶ್ರಾವಣದಲ್ಲಿ ಬಂದ ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಆ ಲ್ಯಾಪ್‌ಟಾಪು ಎದ್ದು ಕೂತ ಕಥೆಯನ್ನಾದರೆ ಬರೆಯಬಹುದು. ರಮಾದೇವಿ ಎಂಥವಳು ಎಂಬುದೆಲ್ಲ ಅದರಲ್ಲೇ ಇದೆ.

ಅವಳ ತವರು ಮುಳಬಾಗಿಲು. ಎಸ್ಸೆಸ್ಸೆಲ್ಸಿ ಆದಮೇಲೆ ಬಜಾರು ಬೀದಿಯ ಮಹಡಿಯೊಂದರಲ್ಲಿ ಗೆಳತಿ ಮೃದುಲಾಳ ಜೊತೆ ಕನ್ನಡ ಟೈಪಿಂಗ್ ಕಲಿತಳು. ಜೂನಿಯರ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂತು. ಸೀನಿಯರಿಗೆ ಕಟ್ಟುವುದರೊಳಗೆ ಮದುವೆಯಾಗಿ ತಾಯಲೂರಿನ ಪಕ್ಕದ ಹಳ್ಳಿಗೆ, ಕದಿರಪ್ಪನ ಮನೆಗೆ ಬಂದಳು. ಮನೆಯಲ್ಲಿ ಎಮ್ಮೆ ಇತ್ತು, ರಾಗಿ ಹೊಲವಿತ್ತು, ಅತ್ತೆ ಆವಲಮ್ಮ, ಮಾವ ಇದ್ದರು. ಟೈಪ್ ಮಿಷನ್ ಇರಲಿಲ್ಲ. ಬೆರಳುಗಳಿಗೆ ಅದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ, ಮನೆಯಲ್ಲಿದ್ದರೆ ಮೊರದ ಅಂಚಿನ ಮೇಲೆ, ಕಿವಿಗೆ ಬಿದ್ದ ಮಾತನ್ನೆಲ್ಲ ಅವು ಟೈಪು ಮಾಡುತ್ತಲೇ ಇದ್ದವು.

"ಕೈಗೆ ಏನಾದ್ರೂ ವಾತ ಐತೇನೇ ನಿಂಗೆ?" ಎಂದು ಆವಲಮ್ಮ ಒಮ್ಮೆ ಕೇಳಿದ್ದರು.

"ಇಲ್ಲ ಅತ್ತೆ, ನೀವು ಬೈದಿದ್ದನ್ನ ಬರ್ಕೊಂತಿದ್ದೆ" ಎಂದಿದ್ದಳು ಅವಳು.

ಕದಿರಪ್ಪನ ತಮ್ಮ ಅಂಜಿ ಆಗ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಕಾರ್ಖಾನೆಯವರು ಹೊಸ ಕಂಪ್ಯೂಟರು ತರಿಸಿ, ತಮ್ಮ ಹಳೆಯ ಲ್ಯಾಪ್‌ಟಾಪನ್ನು ಅವನಿಗೆ ಕೊಟ್ಟುಬಿಟ್ಟರು. ಕಪ್ಪಗೆ, ದಪ್ಪಗೆ, ಇಟ್ಟಿಗೆಯ ಹಾಗಿದ್ದ ಅದನ್ನು ಅವನು ಊರಿಗೆ ತಂದಾಗ ಆವಲಮ್ಮ ಎತ್ತಿ ನೋಡಿ, "ಹೆಂಚಿನ ಕಾರ್ಖಾನೆಯಿಂದ ಹೆಂಚೇ ಹೊತ್ಕೊಂಡು ಬಂದವ್ನೆ" ಎಂದರು. ಅಷ್ಟರಲ್ಲಿ ಅಂಜಿಗೆ ಶ್ರೀನಿವಾಸಪುರದಲ್ಲಿ ಸಂಬಂಧ ಕೂಡಿಬಂತು. ಮಾವನ ಜೊತೆ ಮಾವಿನ ಮಂಡಿ ನೋಡಿಕೊಳ್ಳಲು ಅಲ್ಲಿಗೇ ಹೊರಟ. ಹೊರಡುವಾಗ ಲ್ಯಾಪ್‌ಟಾಪನ್ನು ಅತ್ತಿಗೆಯ ಕೈಗಿಟ್ಟ.

"ಮಂಡೀಲಿ ಧೂಳು ಜಾಸ್ತಿ ವದಿನ. ಇಲ್ಲೇ ಇರ್ಲಿ. ಜೋಪಾನ."

ಜೋಪಾನ ಎಂದರೆ ಆ ಮನೆಯಲ್ಲಿ ಅರ್ಥ ಒಂದೇ. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ ಇತ್ತು. ಅದರ ತುಂಬ ರಾಗಿ. ಮೇಲಿನ ಬಾಯಿಂದ ಸುರಿಯುವುದು, ಕೆಳಗಿನ ತೂತಿಗೆ ತುರುಕಿದ ಬಟ್ಟೆ ಕಿತ್ತು ಬೇಕಾದಷ್ಟು ಬಿಟ್ಟುಕೊಳ್ಳುವುದು. ರಾಗಿಗೆ ಹುಳ ಬೀಳುವುದಿಲ್ಲ, ತೇವ ತಾಗುವುದಿಲ್ಲ, ಕಳ್ಳನಿಗೆ ಅದರೊಳಗೆ ಕೈ ಹಾಕುವ ತಾಳ್ಮೆ ಇರುವುದಿಲ್ಲ. ಬೆಳ್ಳಿ ದೀಪ, ಧಾರೆ ಸೀರೆ, ಮನೆಪತ್ರ, ಎಲ್ಲವನ್ನೂ ಗಂಟು ಕಟ್ಟಿ ರಾಗಿಯೊಳಗೆ ಹೂಳಿ, ಹಗ್ಗದ ತುದಿಯನ್ನು ವಾಡೆಯ ಕಂಠಕ್ಕೆ ಕಟ್ಟುವುದು ರೂಢಿ. ರಮಾದೇವಿಯೂ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ರಾಗಿಯ ಮೇಲಿಟ್ಟು, ಒಂದು ಮೊರ ರಾಗಿ ಮುಚ್ಚಿದಳು. ಹಗ್ಗ ಕಟ್ಟುವುದನ್ನು ಮರೆತಳು.

ಕೆಳಗೆ ರಾಗಿ ಬಿಟ್ಟುಕೊಂಡಂತೆ ಮೇಲಿನದು ಇಳಿಯುತ್ತದೆ. ದಿನಾ ಎರಡು ಹೊತ್ತಿನ ಮುದ್ದೆಗೆ ಲ್ಯಾಪ್‌ಟಾಪು ಒಂದೊಂದು ಬೆರಳು ಕೆಳಗಿಳಿಯಿತು. ಸುಗ್ಗಿ ಬಂದಾಗ ಅದರ ಮೇಲೆ ಹೊಸ ರಾಗಿ ಬಿತ್ತು. ರಮಾದೇವಿಯ ಮಾವ ತೀರಿಕೊಂಡರು. ಎಮ್ಮೆ ಮಾರಿ ಎರಡು ಸೀಮೆಹಸು ತಂದರು. ಲ್ಯಾಪ್‌ಟಾಪಿನ ನೆನಪು ಯಾರಿಗೂ ಇರಲಿಲ್ಲ.

ನೆನಪಾಗುವಂತೆ ಮಾಡಿದವಳು ಮೃದುಲಾ. ಅವಳು ಆ ಹೊತ್ತಿಗೆ ಮುಳಬಾಗಿಲಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಳು. ಒಂದು ದೀಪಾವಳಿಯ ಹಿಂದಿನ ವಾರ ರಮಾದೇವಿ ಹಸುವಿನ ಹಿಂಡಿಗೆಂದು ಪೇಟೆಗೆ ಬಂದವಳು ಅಂಗಡಿಗೆ ಹತ್ತಿದಳು. ಗೋಡೆಯ ಮೇಲೆ 'ಕನ್ನಡ ಟೈಪಿಂಗ್ ಬಲ್ಲವರು ಬೇಕಾಗಿದ್ದಾರೆ' ಎಂಬ ಚೀಟಿ ಇತ್ತು. ಅದನ್ನು ಓದಿದ್ದೇ, ಅವಳ ಬೆರಳುಗಳು ಮೇಜಿನ ಅಂಚಿನಲ್ಲಿ ಅದನ್ನು ಟೈಪು ಮಾಡಿ ಮುಗಿಸಿದವು.

"ನಾನು ಬರ್ತೀನಿ ಕಣೇ" ಎಂದಳು.

"ಬೆಳಿಗ್ಗೆ ಸಂಜೆ ಹಾಲು ಕರೆಯೋಳು ಹೇಗೆ ಬರ್ತೀಯೇ ರಮಾ? ಮಾಘ ಹುಟ್ಟಿದರೆ ನನಗೆ ಉಸಿರಾಡೋಕೆ ಬಿಡುವಿರಲ್ಲ. ಇಡೀ ದಿನ ಕೂರೋರು ಬೇಕು. ನಿನ್ನದೇ ಕಂಪ್ಯೂಟರ್ ಇದ್ದಿದ್ರೆ ಮನೆಗೇ ಕೆಲಸ ಕೊಡ್ತಿದ್ದೆ."

ರಮಾದೇವಿ ಮೇಜಿನ ಅಂಚಿನಿಂದ ಕೈ ತೆಗೆದಳು. ಆಮೇಲೆ, "ಐತೆ" ಎಂದಳು.

"ಎಲ್ಲಿ?"

"ರಾಗೀಲಿ."

ಮೃದುಲಾ ನಕ್ಕಳು. ರಮಾದೇವಿ ನಗಲಿಲ್ಲ. ಮಾಘದ ಮೊದಲ ಮುಹೂರ್ತದ ಹೊತ್ತಿಗೆ ತನ್ನ ಮಿಷನ್ನಿನಲ್ಲೇ ಮಾಡಿದ ಒಂದು ಪತ್ರಿಕೆ ತಂದು ತೋರಿಸುತ್ತೇನೆ, ಅಲ್ಲಿಯವರೆಗೆ ಆ ಚೀಟಿ ನೋಡಿ ಯಾರು ಬಂದರೂ ಒಪ್ಪಿಕೊಳ್ಳಬೇಡ ಎಂದು ಮಾತು ತೆಗೆದುಕೊಂಡಳು. ಮದುವೆಯಾದಾಗಿನಿಂದ ಬೆರಳುಗಳು ಗಾಳಿಯಲ್ಲಿ ಮಾಡುತ್ತಿದ್ದ ಕೆಲಸ ಕಾಗದದ ಮೇಲೆ ಇಳಿಯುವ ದಾರಿ ಅವಳಿಗೆ ಅದೊಂದೇ ಕಂಡಿತ್ತು. ಅಂಜಿಗೆ ಫೋನು ಮಾಡಿ ಕೇಳಿದರೆ, "ಇನ್ನೂ ಐತಾ ಅದು? ನೀನೇ ಇಟ್ಕೋ ವದಿನ" ಎಂದ.

ಆದರೆ ವಾಡೆಯ ಮೇಲೆ ಎಷ್ಟು ಕೆದಕಿದರೂ ಗಂಟು ಸಿಗಲಿಲ್ಲ. ಕೆಳಗೆ ಬಟ್ಟೆ ಕಿತ್ತಾಗ ರಾಗಿ ಒಂದು ಹಿಡಿ ಸುರಿದು ನಿಂತುಹೋಯಿತು. ಕಡ್ಡಿ ಹಾಕಿ ತಿವಿದರೆ ಟಕ್ ಎಂದು ಏನೋ ತಾಗಿತು. ಲ್ಯಾಪ್‌ಟಾಪು ತಳಕ್ಕೆ ಇಳಿದು ತೂತಿಗೆ ಅಡ್ಡ ಕೂತಿತ್ತು. ಇನ್ನು ವಾಡೆಯ ರಾಗಿಯನ್ನೆಲ್ಲ ಮೇಲಿನಿಂದ ತೋಡಬೇಕು.

ಆವಲಮ್ಮ ಒಪ್ಪಲಿಲ್ಲ. ವಾಡೆ ಪೂರ್ತಿ ಬರಿದಾಗಬಾರದು, ಬರಿದಾದರೆ ಮನೆಗೆ ಆಗಿಬರುವುದಿಲ್ಲ ಎಂಬುದು ಅವರ ಅತ್ತೆಯ ಕಾಲದಿಂದ ಬಂದ ಮಾತು. "ಹೊಸ ಸುಗ್ಗಿ ಬರ್ಲಿ, ಆಗ ನೋಡೋಣ" ಎಂದರು. ಹೊಸ ರಾಗಿ ಒಕ್ಕಣೆಯಾಗುವುದರೊಳಗೆ ಮಾಘ ಮುಗಿದಿರುತ್ತಿತ್ತು. ರಮಾದೇವಿ ವಾದಿಸಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಮೊರದ ಅಂಚಿನ ಮೇಲೆ ಬೆರಳು ಬಡಿಯುವುದನ್ನೂ ನಿಲ್ಲಿಸಿದಳು. ಆವಲಮ್ಮನಿಗೆ ತಡೆಯಲಾಗದ್ದು ಅದೇ.

ಮೂರನೆಯ ದಿನ ಬೆಳಿಗ್ಗೆ ಅವರು ವಾಡೆಯ ಪಕ್ಕ ಕಾಲು ನೀಡಿ ಕೂತು, ಸೆರಗು ಹಾಸಿ, ಅದಕ್ಕೆ ಒಂದು ಬೊಗಸೆ ರಾಗಿ ಹಾಕಿಕೊಂಡರು.

"ಇಲ್ಲೈತೆ ನೋಡು ವಾಡೆ, ನನ್ನ ಮಡಿಲಲ್ಲಿ. ನೀನು ತೋಡ್ಕೋ ಹೋಗು. ಬಿರ್ರನೆ ತೋಡು, ಕಾಲು ಜೋಮು ಹಿಡಿತದೆ."

ಕದಿರಪ್ಪ ಏಣಿ ಹತ್ತಿ ತೋಡಿದ, ರಮಾದೇವಿ ಚೀಲಗಳಿಗೆ ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಗಂಟು ಸಿಕ್ಕಿತು. ಸೀರೆ ಯಾವಾಗಲೋ ಬಿಚ್ಚಿಹೋಗಿತ್ತು. ಲ್ಯಾಪ್‌ಟಾಪನ್ನು ಎತ್ತಿ ಅಲ್ಲಾಡಿಸಿದರೆ ಒಳಗೆ ಝರ್ ಝರ್ ಎಂದು ಗಿಲಕಿಯ ಹಾಗೆ ಸದ್ದಾಯಿತು. ಚಾರ್ಜರಿನ ತಂತಿ ಚುಚ್ಚಿ ಗುಂಡಿ ಒತ್ತಿದರೆ ಹಸಿರು ದೀಪ ಹತ್ತಿತು, ಒಳಗೇನೋ ಮುಲುಗಿತು, ಆರಿತು. ಮತ್ತೆ ಒತ್ತಿದರೂ ಅಷ್ಟೇ.

ಅದೇ ವಾರ ಕದಿರಪ್ಪನ ಅಕ್ಕ ಶಾಮಲಮ್ಮ ನಂಗಲಿಯಿಂದ ಬಂದಿದ್ದರು. ಗಂಡನದು ಹೆದ್ದಾರಿಯಲ್ಲಿ ಟೈರಿನ ಅಂಗಡಿ. ಲಾರಿಯವರ ಜೊತೆ ಮಾತಾಡಿ ಮಾತಾಡಿ ಶಾಮಲಮ್ಮನ ಗಂಟಲಿಗೂ ಹಾರನ್ನು ಬಂದಿತ್ತು.

"ಏಮ್ಮಾ ರಮಾ, ಏನಿದು? ಈ ಕಡೆ ರಾಗಿ ಹಾಕಿದ್ರೆ ಆ ಕಡೆ ಮುದ್ದೆ ಬರ್ತದಾ?"

"ಬರ್ತದೆ ಅಕ್ಕಾ, ಸಾರು ನೀವು ಮಾಡಿ."

"ದೇವುಡಾ, ಬಾಯಿ ನೋಡು! ಲೇ ಕದಿರಾ, ನಿನ್ನ ಹೆಂಡ್ತಿ ಲ್ಯಾಪ್‌ಟಾಪಿಗೆ ಹಿಂಡಿ ಬೂಸಾ ಇಡೋ ಮೊದ್ಲು ಯಾರಿಗಾದ್ರೂ ತೋರ್ಸೋ!"

ಆ ಮಾತು ನಂಗಲಿಯವರೆಗೂ ಹೋಯಿತು, ದಾರಿಯ ಊರುಗಳಲ್ಲೆಲ್ಲ ಇಳಿದು ಹತ್ತಿತು. ಡೇರಿಗೆ ಹಾಲು ಹಾಕಲು ಹೋದರೆ, "ಕಂಪ್ಯೂಟರ್ ಎಷ್ಟು ಲೀಟರ್ ಕೊಡ್ತದೆ ರಮಕ್ಕಾ?" ಎಂದು ಕೇಳುವವರು ಹುಟ್ಟಿಕೊಂಡರು. ಅವಳು ಎಲ್ಲರಿಗೂ ನಗುತ್ತಲೇ ಉತ್ತರ ಕೊಟ್ಟಳು. ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಅತ್ತಳು. ಅದನ್ನು ಕದಿರಪ್ಪ ಕಂಡು, ಮಾರನೆಯ ದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋದ.

ಕೋಲಾರದ ರಿಪೇರಿಯವನು ಒಳ್ಳೆಯವನು. ಗುಂಡಿ ಒತ್ತಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ.

"ಹಳೇ ಮಾಲು ಅಕ್ಕ. ಇದರ ಸಾಮಾನು ಎಲ್ಲೂ ಸಿಗಲ್ಲ. ನಾನು ಬಿಚ್ಚಿ, ಹೆಚ್ಚುಕಮ್ಮಿ ಆದ್ರೆ ನಿಮಗೆ ಏನು ಹೇಳ್ಲಿ? ಮನೇಲಿ ಇಟ್ಕೊಳ್ಳಿ, ನೆನಪಿಗಿರ್ಲಿ."

"ನಾನೇ ಬಿಚ್ಚಿದ್ರೆ?"

ಅವನು ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ತಿಳಿದ ಮೇಲೆ ಎದುರಿಗೆ ಕೂರಿಸಿ, ತನ್ನ ಮೇಜಿನ ಮೇಲಿದ್ದ ಇನ್ನೊಂದನ್ನು ತೋರಿಸಿ ಹೇಳಿಕೊಟ್ಟ: ಕೀಲಿಗಳ ಹಲಗೆಯ ಕೆಳಗೆ ಕಾಗದದಂಥ ಪಟ್ಟಿ ಇರುತ್ತದೆ, ಎಳೆಯಬಾರದು, ಮೂಲೆಯಲ್ಲಿ ಪುಟ್ಟ ಫ್ಯಾನು ಇರುತ್ತದೆ, ಅದು ತಿರುಗದಿದ್ದರೆ ಮಿಷನ್ನು ತಾನಾಗಿ ಆರಿಕೊಳ್ಳುತ್ತದೆ. "ಸ್ಕ್ರೂ ಮಾತ್ರ ಕಲೆಸ್ಬೇಡಿ. ಒಂದೊಂದು ಒಂದೊಂದು ಉದ್ದ. ಗಿಡ್ಡಂದು ಇರೋ ಕಡೆ ಉದ್ದಂದು ತಿರುವಿದ್ರೆ ಬೋರ್ಡಿಗೆ ತೂತು." ಅಷ್ಟು ಹೇಳಿ, ಸಣ್ಣ ತಲೆಯ ಒಂದು ಹಳೆಯ ಸ್ಕ್ರೂಡ್ರೈವರನ್ನೂ ಅವಳ ಕೈಗೆ ಕೊಟ್ಟ.

ಬಸ್ಸಿನಲ್ಲಿ ಅವಳು ಯೋಚಿಸಿದ್ದೆಲ್ಲ ಸ್ಕ್ರೂಗಳ ಬಗ್ಗೆ. ಮನೆಗೆ ಬಂದವಳು ನಡುಮನೆಯ ಸಿಮೆಂಟು ನೆಲ ಒರೆಸಿ, ಲ್ಯಾಪ್‌ಟಾಪನ್ನು ಬೋರಲು ಇಟ್ಟು, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಎಲ್ಲೆಲ್ಲಿ ಸ್ಕ್ರೂ ಇದೆಯೋ ಗೆರೆಯೊಳಗೆ ಅಲ್ಲಲ್ಲಿ ಚುಕ್ಕಿ ಇಟ್ಟಳು. ದಿನಾ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ರಂಗೋಲಿ ಬಿಡಿಸುವ ಕೈ. ಒಂದು ಚುಕ್ಕಿಯೂ ಆಚೀಚೆ ಆಗಲಿಲ್ಲ. ಬಿಚ್ಚಿದ ಸ್ಕ್ರೂ ಅದರದರ ಚುಕ್ಕಿಯ ಮೇಲೇ ಕೂತಿತು. ಆ ಗೆರೆ ದಾಟಬಾರದೆಂದು ಕದಿರಪ್ಪನಿಗೂ, ಬಾಗಿಲಲ್ಲಿ ಇಣುಕುತ್ತಿದ್ದ ಕೋಳಿಗಳಿಗೂ ಒಟ್ಟಿಗೇ ಹೇಳಿದಳು.

ಮುಚ್ಚಳ ಎದ್ದಾಗ ಅತ್ತೆ ಸೊಸೆ ಇಬ್ಬರೂ ಬಗ್ಗಿ ನೋಡಿದರು. ಒಳಗೆಲ್ಲ ರಾಗಿ. ಕೀಲಿಗಳ ಸಂದಿನಲ್ಲಿ, ತಂತಿಗಳ ಕೆಳಗೆ, ಮೂಲೆಯ ಪುಟ್ಟ ಫ್ಯಾನಿನ ರೆಕ್ಕೆಗಳ ನಡುವೆ ಇಟ್ಟು ಒತ್ತಿದ ಹಾಗೆ ರಾಗಿ.

"ನಮ್ಮ ಹೊಲದ್ದೇ" ಎಂದರು ಆವಲಮ್ಮ, ಒಂದು ಕಾಳು ಎತ್ತಿ ನೋಡಿ. "ಕೆಂಪು ಜಾಸ್ತಿ. ನಿಮ್ಮ ಮಾವ ಬದುಕಿದ್ದಾಗ ಬಿತ್ತಿದ್ದು."

ಅವರು ಮೊರ ತಂದರು. ರಮಾದೇವಿ ಒಳಭಾಗವನ್ನು ಮೊರದ ಮೇಲೆ ಬೋರಲು ಹಿಡಿದು ಬೆನ್ನಿಗೆ ಬೆರಳಲ್ಲಿ ತಟ್ಟಿದಳು. ಕಲ್ಲು ಬೇರೆ ಮಾಡುವಾಗ ಮೊರವನ್ನು ತಟ್ಟುವ ಹಾಗೆ, ಮೆಲ್ಲಗೆ, ಒಂದೇ ಲಯದಲ್ಲಿ. ರಾಗಿ ಉದುರತೊಡಗಿತು. ಉದುರದ್ದನ್ನು ಕಡ್ಡಿಪೊರಕೆಯ ಒಂದು ಕಡ್ಡಿಯಿಂದ ಮೀಟಿದಳು. ಕೊನೆಗೆ ಒಲೆಯ ಊದುಗೊಳವೆಯನ್ನು ತೊಳೆದು ಬಿಸಿಲಿಗೆ ಒಣಗಿಸಿ, ಅದರ ಒಂದು ತುದಿಯನ್ನು ಫ್ಯಾನಿನ ಹತ್ತಿರ ಹಿಡಿದು ಊದಿದಳು. ಹತ್ತಾರು ಕಾಳು ಚಿಮ್ಮಿ ಆವಲಮ್ಮನ ಮುಖಕ್ಕೆ ಬಡಿದವು. ಫ್ಯಾನು ಒಂದು ಸುತ್ತು ತಿರುಗಿತು.

"ತಿರುಗ್ತು!" ಎಂದು ಕೂಗಿದವರು ಆವಲಮ್ಮ. ಮೊರದಲ್ಲಿ ಬಿದ್ದದ್ದನ್ನು ಒಂದು ಕಾಳೂ ಬಿಡದೆ ವಾಡೆಗೆ ಹಾಕಿದರು.

ಎಲ್ಲ ಕೂಡಿಸಿ ಗುಂಡಿ ಒತ್ತಿದರೆ ಫ್ಯಾನು ಸುಂಯ್ ಎಂದು ತಿರುಗಿತು. ತೆರೆ ಬೆಳಗಿತು. ಆದರೆ ಯಾವ ಕೀಲಿ ಒತ್ತಿದರೂ ಅಕ್ಷರ ಬರಲಿಲ್ಲ. ರಮಾದೇವಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ನೆಲದ ಮೇಲೆ ಕಣ್ಣು ಹೋಯಿತು. ಸೀಮೆಸುಣ್ಣದ ಗೆರೆಯೊಳಗೆ, ನಡುವಿನ ಒಂದು ಚುಕ್ಕಿಯ ಮೇಲೆ, ಒಂದು ಸ್ಕ್ರೂ ಇನ್ನೂ ಕೂತಿತ್ತು. ಅದು ಕೀಲಿಗಳ ಹಲಗೆಯನ್ನು ಹಿಡಿಯುವ ಸ್ಕ್ರೂ. ಮತ್ತೆ ಬಿಚ್ಚಿ ನೋಡಿದರೆ, ಹಲಗೆ ಸರಿಯಾಗಿ ಕೂರದೆ, ಕಾಗದದಂಥ ಪಟ್ಟಿ ತನ್ನ ಗೂಡಿನಿಂದ ಜಾರಿತ್ತು. ಉಸಿರು ಬಿಗಿಹಿಡಿದು ಅದನ್ನು ಒಳಗೆ ತಳ್ಳಿದಳು. ಸ್ಕ್ರೂ ತಿರುವಿದಳು. ನೆಲದ ಚುಕ್ಕಿಗಳೆಲ್ಲ ಈಗ ಖಾಲಿ.

ಈ ಸಲ ಒತ್ತಿದ ಅಕ್ಷರ ತೆರೆಯ ಮೇಲೆ ಮೂಡಿತು. ಇನ್ನೊಂದು ಒತ್ತಿದಳು, ಅದೂ ಮೂಡಿತು. ಅವಳು ಎದ್ದು ಹಿತ್ತಲಿಗೆ ಓಡಿ, "ರೀ! ಬನ್ರೀ! ಎದ್ದು ಕೂತೈತೆ!" ಎಂದು ಕೂಗಿದ್ದು ಮೂರನೆಯ ಮನೆಗೂ ಕೇಳಿತಂತೆ. ಯಾರೋ ಹುಷಾರಿಲ್ಲದವರು ಎದ್ದು ಕೂತರೆಂದು ನೆರೆಯವರು ಓಡಿಬಂದರು. ಕದಿರಪ್ಪ ಸಗಣಿ ಕೈಯಲ್ಲೇ ಬಂದು ಗೆರೆಯಾಚೆ ನಿಂತ.

ತೆರೆಯ ಮೂಲೆಯಲ್ಲಿ ತಾರೀಖು ಕಾಣುತ್ತಿತ್ತು. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರಿಂದ ಅದು ೧೯೯೮ಕ್ಕೆ ಹಿಂದೆ ಹೋಗಿ ನಿಂತಿತ್ತು. ಆವಲಮ್ಮ ಅದೇನೆಂದು ಕೇಳಿದರು. ರಮಾದೇವಿ ಹೇಳಿದಳು.

"ಹಂಗಾದ್ರೆ ಇದರ ಲೆಕ್ಕದಲ್ಲಿ ನಿಮ್ಮ ಮಾವ ಇನ್ನೂ ಇದಾರೆ" ಎಂದರು ಆವಲಮ್ಮ. ತುಸು ಹೊತ್ತಾದ ಮೇಲೆ, "ಅದನ್ನ ಸರಿಮಾಡೋಕೆ ಹೋಗ್ಬೇಡ, ಇರ್ಲಿ ಬಿಡು" ಎಂದರು. ರಮಾದೇವಿ ಕೊನೆಯವರೆಗೂ ಅದನ್ನು ಸರಿಮಾಡಲಿಲ್ಲ.

ಮೃದುಲಾ ಫ್ಲಾಪಿಗಳಲ್ಲಿ ಕನ್ನಡ ಅಕ್ಷರಗಳನ್ನು ಹಾಕಿಕೊಟ್ಟಳು. ಕೀಲಿಗಳ ಜೋಡಣೆ ಹಳೆಯ ಟೈಪ್ ಮಿಷನ್ನಿನದಲ್ಲ. ಬೆರಳುಗಳು ಮೊದಲು ಮರೆಯಬೇಕಿತ್ತು, ಆಮೇಲೆ ಕಲಿಯಬೇಕಿತ್ತು. ಬ್ಯಾಟರಿ ಪೂರ್ತಿ ಸತ್ತಿದ್ದರಿಂದ ಕರೆಂಟು ಹೋದೊಡನೆ ಮಾಡಿದ್ದೆಲ್ಲ ಹೋಗುತ್ತಿತ್ತು. ಹಾಗಾಗಿ ಅವಳದೊಂದು ಪದ್ಧತಿ ಬಂತು: ಒಂದು ಸಾಲು, ಒಂದು ಸೇವ್. ಕೊಟ್ಟಿಗೆಯಲ್ಲೂ ಒಂದು ಹಸು ಮುಗಿದರೆ, "ಸೇವ್" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಚೆಂಬು ಎತ್ತಿಡುತ್ತಿದ್ದಳಂತೆ.

ಮಾಘ ಹುಟ್ಟುವ ಮೊದಲೇ ಅವಳು ಮುಳಬಾಗಿಲಿನ ಬಸ್ಸು ಹತ್ತಿದಳು. ಫ್ಲಾಪಿ ಊಟದ ಡಬ್ಬಿಯಲ್ಲಿತ್ತು. ಮೃದುಲಾ ಅದನ್ನು ಕಂಪ್ಯೂಟರಿಗೆ ಹಾಕಿ ತೆರೆದಳು. ಒಂದು ಲಗ್ನಪತ್ರಿಕೆ. ವಧು ರಾಗಿ, ವರ ಲ್ಯಾಪ್‌ಟಾಪು, ಮುಹೂರ್ತದ ಸ್ಥಳ ಆವಲಮ್ಮನವರ ವಾಡೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಕದಿರಪ್ಪ, ಎರಡು ಹಸುಗಳು, ನಂಗಲಿಯ ಶಾಮಲಮ್ಮ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಮೃದುಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎದ್ದುಹೋಗಿ ಗೋಡೆಯ ಚೀಟಿಯನ್ನು ಕಿತ್ತಳು.

ಆ ಮಾಘದಿಂದ ಶುರುವಾದದ್ದು ನಿಲ್ಲಲಿಲ್ಲ. ತಾಯಲೂರಿನ ಕಡೆಯವರು ಪೇಟೆಗೆ ಹೋಗದೆ ನೇರ ಅವಳ ಮನೆಗೇ ಬರತೊಡಗಿದರು. ವರಾಂಡದಲ್ಲಿ ಕೂತು ಹೆಸರುಗಳನ್ನು ಹೇಳುವರು. ಅವಳು ಎಮ್ಮೆ ಕಟ್ಟುವ ಹಗ್ಗದಷ್ಟು ಉದ್ದದ ಬಂಧುಬಳಗದ ಪಟ್ಟಿಯನ್ನೂ ಒಂದು ಹೆಸರು ಬಿಡದೆ ಜೋಡಿಸುವಳು. ಯಾರ ಹೆಸರು ಯಾರ ಕೆಳಗೆ ಬಂದರೆ ಮದುವೆಯಲ್ಲಿ ಜಗಳವಾಗುತ್ತದೆ ಎಂಬುದು ಅವಳಿಗೆ ಮನೆಯವರಿಗಿಂತ ಮೊದಲೇ ಗೊತ್ತಿರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಲ್ಯಾಪ್‌ಟಾಪನ್ನು ಓರೆ ಹಿಡಿದಾಗ ಯಾವುದೋ ಸಂದಿನಿಂದ ಒಂದು ರಾಗಿ ಕಾಳು ಬೀಳುತ್ತಿತ್ತು. ಅದನ್ನು ಕೋಳಿಗೆ ಎಸೆದು, "ಇವತ್ತಿನ ಕೂಲಿ" ಎನ್ನುವಳು.

ಎರಡು ವರ್ಷದ ಮೇಲೆ ನಂಗಲಿಯಿಂದ ಶಾಮಲಮ್ಮ ಬಂದರು. ಮಗಳು ಮೇಧಾಳ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಪಲಮನೇರಿನವರು; ಪತ್ರಿಕೆ ಕನ್ನಡದಲ್ಲೂ ಬೇಕು, ತೆಲುಗಿನಲ್ಲೂ ಬೇಕು. ಹೆದ್ದಾರಿಯ ಅಂಗಡಿಯೊಂದರಲ್ಲಿ ಮಾಡಿಸಿದರೆ ವರನ ಅಜ್ಜನ ಹೆಸರನ್ನೇ ಬಿಟ್ಟಿದ್ದರಂತೆ. ಬಂದವರು ಕಾಫಿ ಕುಡಿದರು, ಹಸುಗಳ ವಿಚಾರ ಕೇಳಿದರು, ಬಿಸಿಲಿನ ಬಗ್ಗೆ ಮಾತಾಡಿದರು. ವಿಷಯಕ್ಕೆ ಬರಲಿಲ್ಲ. ಕೊನೆಗೆ ಆವಲಮ್ಮನೇ, "ಸಾರು ಮಾಡ್ಕೊಂಡು ಬಂದೆಯೇನೇ ಶಾಮಲಾ? ಮುದ್ದೆ ಮಿಷನ್ ರೆಡಿ ಐತೆ" ಎಂದರು.

ಶಾಮಲಮ್ಮ ಒಂದು ಗಳಿಗೆ ಕೆಂಪಾದರು. ಆಮೇಲೆ ಅವರಿಗೇ ನಗು ತಡೆಯಲಿಲ್ಲ.

"ಆಯ್ತಮ್ಮಾ, ಸೋತೆ! ಏ ರಮಾ, ನನ್ನ ಮಗಳದ್ದು ಬಿಡು, ನನ್ನ ಹೆಸರು ದಪ್ಪ ಅಕ್ಷರದಲ್ಲಿ ಹಾಕ್ತೀಯೋ ಇಲ್ವೋ?"

"ಹಾಕ್ತೀನಿ ಅಕ್ಕಾ. ಹೆಸರಿನ ಜೊತೆ ಒಂದು ಹಾರನ್ನೂ ಹಾಕ್ತೀನಿ."

ಆ ಪತ್ರಿಕೆಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, 'ಅಕ್ಷರ ಜೋಡಣೆ: ರಮಾದೇವಿ' ಎಂದು ಮೊದಲ ಸಲ ಅಚ್ಚಾಯಿತು. ಹಾಕಲೇಬೇಕೆಂದು ಹಟ ಹಿಡಿದವರು ಶಾಮಲಮ್ಮ. ಮದುವೆಯ ಮನೆಯಲ್ಲಿ ಪತ್ರಿಕೆ ಹಿಡಿದು ಕಂಡಕಂಡವರಿಗೆಲ್ಲ, "ನಮ್ಮ ತಮ್ಮನ ಹೆಂಡ್ತಿ ಮಾಡಿದ್ದು, ಮಿಷನ್ನು ಅವಳೇ ಬಿಚ್ಚಿ ರಿಪೇರಿ ಮಾಡಿದ್ಲು" ಎಂದು ಹೇಳುತ್ತ ಓಡಾಡಿದರು. ರಮಾದೇವಿ ಅಂದು ರೇಷ್ಮೆ ಸೀರೆಯುಟ್ಟು, ಒಂದು ಮೂಲೆಯಲ್ಲಿ ಕೂತು, ಕುರ್ಚಿಯ ಕೈಯ ಮೇಲೆ ಅದನ್ನೆಲ್ಲ ಟೈಪು ಮಾಡಿಕೊಳ್ಳುತ್ತಿದ್ದಳು.

ಈಗ ಅವಳ ಕಾರ್ಡು ಮಾಡಲು ಮೃದುಲಾ ಆ ಮನೆಗೆ ಬಂದು, ಅದೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಗುಂಡಿ ಒತ್ತಿದಾಗ ಫ್ಯಾನು ಸುಂಯ್ ಎಂದಿತು. ಮೂಲೆಯಲ್ಲಿ ೧೯೯೮ ಮೂಡಿತು. ಆವಲಮ್ಮ ಪಕ್ಕದಲ್ಲೇ ಕೂತಿದ್ದರು. ಅದನ್ನು ನೋಡಿದರು. ಮೃದುಲಾ ಒಂದು ಸಾಲು ಬರೆದು ಸೇವ್ ಮಾಡಿದಳು, ಇನ್ನೊಂದು ಸಾಲು ಬರೆದು ಸೇವ್ ಮಾಡಿದಳು. ಕೊನೆಯಲ್ಲಿ ಸಣ್ಣ ಅಕ್ಷರದ ಆ ಸಾಲಿನ ಜಾಗ ಬಂದಾಗ, ಅಲ್ಲಿ ಯಾರ ಹೆಸರನ್ನೂ ಹಾಕದೆ ಬಿಟ್ಟಳು.

ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮಡಿಸಿ, ಎಲ್ಲಿಡಲಿ ಎಂದು ಕೇಳಿದಳು.

"ಎಲ್ಲಾದ್ರೂ ಇಡಮ್ಮ" ಎಂದರು ಆವಲಮ್ಮ. "ವಾಡೇಲಿ ಮಾತ್ರ ಬೇಡ. ಅಲ್ಲಿಂದ ತೆಗ್ಯೋಳು ಈಗ ಇಲ್ಲ."

ಹೇಳಿ, ಸೊಸೆ ಹೋದಮೇಲೆ ಮೊದಲ ಸಲ ನಕ್ಕರು. ಆಮೇಲೆ ಮಂಡಿಯ ಮೇಲಿದ್ದ ತಮ್ಮ ಬೆರಳುಗಳನ್ನು, ಸೊಸೆ ಮಾಡುತ್ತಿದ್ದ ಹಾಗೆ, ಒಂದೊಂದಾಗಿ ಬಡಿದು ನೋಡಿಕೊಂಡರು.